ಬಂಡೆಯ ಬಡ್ಡಿ

ಕೊರಟಗೆರೆ ಬಿಟ್ಟು ಮಧುಗಿರಿ ಕಡೆ ಹೊರಟರೆ ಕಲ್ಲಿನ ರಾಜ್ಯ ಶುರು. ಮೊದಲು ರಾಗಿ ಹೊಲದ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಗುಂಡು. ಆಮೇಲೆ ಗುಂಡಿನ ಮೇಲೆ ಗುಂಡು ಕೂತ ಕುರುಚಲು ಗುಡ್ಡ. ಅದರ ಹಿಂದೆ, ಗಿಡಗಂಟಿಯ ಹಂಗೇ ಇಲ್ಲದ ಬೋಳು ಬಂಡೆ. ಮಳೆ ನೀರು ಇಳಿದಲ್ಲೆಲ್ಲ ಮೇಲಿಂದ ಕೆಳಗಿನವರೆಗೆ ಕಪ್ಪು ಪಟ್ಟೆ, ನಡುನಡುವೆ ಬಿಸಿಲಿಗೆ ಬೆಳ್ಳಗಾದ ಮೈ. ಚನ್ನರಾಯನದುರ್ಗ, ಸಿದ್ಧರಬೆಟ್ಟ, ಮುಂದೆ ಮಿಡಿಗೇಶಿ, ಪಾವಗಡ, ಅದರಾಚೆ ನಿಡಗಲ್ಲು. ಈ ಸೀಮೆಯಲ್ಲಿ ಕೋಟೆ ಕಟ್ಟದೆ ಬಿಟ್ಟ ಬೆಟ್ಟವನ್ನು ಹುಡುಕಬೇಕು. ಎಲ್ಲಕ್ಕೂ ಹಿರಿಯಣ್ಣ ಮಧುಗಿರಿಯ ಏಕಶಿಲೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ತಲೆ, ಅದರ ಬುಡದಲ್ಲೇ ಊರು, ಬಸ್ ನಿಲ್ದಾಣ, ಸಂತೆ, ಹಾರ್ನು. ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದು ಎಂದು ಊರಿನವರು ಹೇಳುವಾಗ ದನಿಯಲ್ಲಿ ಒಂದು ಗತ್ತಿರುತ್ತದೆ.

ಕೋಟೆ ಇದ್ದಲ್ಲಿ ಸುರಂಗದ ಕತೆ ಇರಲೇಬೇಕು. ರಾಣಿ ತಪ್ಪಿಸಿಕೊಂಡು ಹೋದ ಸುರಂಗ, ಈ ಬೆಟ್ಟದಿಂದ ಆ ಬೆಟ್ಟಕ್ಕೆ ಕುದುರೆ ಓಡುತ್ತಿದ್ದ ಸುರಂಗ, ಬಾಯಿಗೆ ಕಲ್ಲು ಮುಚ್ಚಿಟ್ಟ ಸುರಂಗ. ಕೇಳುವುದಕ್ಕೆ ಚೆಂದ. ಉಳಿ ಸುತ್ತಿಗೆಯ ಕಾಲದಲ್ಲಿ ಇಂಥ ಕರಿಗಲ್ಲು ಬಿಳಿಗಲ್ಲಿನೊಳಗೆ ಕುದುರೆ ಹೋಗುವಷ್ಟು ದಾರಿ ಕೊರೆಯಲು ಎಷ್ಟು ತಲೆಮಾರು ಹಿಡಿಯುತ್ತಿತ್ತು ಎಂದು ಲೆಕ್ಕ ಹಾಕಿದರೆ ಮಾತ್ರ ಕತೆ ಕತೆಯಾಗಿಯೇ ಉಳಿಯುತ್ತದೆ. ಆ ಲೆಕ್ಕವನ್ನು ಈಗ ನಿಜವಾಗಿಯೂ ಹಾಕಬೇಕಾದ ಕಾಲ. ಏಕೆಂದರೆ ಈ ಬಂಡೆಗಳ ನಡುವೆ ರೈಲು ಬರುತ್ತಿದೆ.

ತುಮಕೂರು–ರಾಯದುರ್ಗ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2007–08ರಲ್ಲಿ. ಉದ್ದ 207 ಕಿ.ಮೀ. ಕೊರಟಗೆರೆ, ಮಧುಗಿರಿ, ಆಂಧ್ರದ ಮಡಕಶಿರಾ, ಮತ್ತೆ ನಮ್ಮ ಪಾವಗಡ, ಮತ್ತೆ ಆಂಧ್ರದ ಕಲ್ಯಾಣದುರ್ಗ, ಕೊನೆಗೆ ರಾಯದುರ್ಗ. ಖರ್ಚಿನ ಅರ್ಧ ಕರ್ನಾಟಕದ್ದು, ಜಮೀನೂ ರಾಜ್ಯವೇ ಕೊಡಬೇಕು. ರಾಯದುರ್ಗದ ತುದಿಯಿಂದ ಹಳಿ ಕಲ್ಯಾಣದುರ್ಗ ದಾಟಿ ಕದಿರಿದೇವರಪಲ್ಲಿಯವರೆಗೆ ಬಂದು ರೈಲೂ ಓಡಿತು. ತುಮಕೂರಿನ ತುದಿಯಲ್ಲಿ ಮಾತ್ರ ವರ್ಷಗಳ ಕಾಲ ಕಾಗದವೇ ಓಡಾಡಿತು. "ರೈಲು ಯಾವಾಗಣ್ಣ?" ಎಂಬ ಪ್ರಶ್ನೆ ಮಧುಗಿರಿಯ ಟೀ ಅಂಗಡಿಗಳಲ್ಲಿ ಒಂದು ತಲೆಮಾರಿನ ಬಾಯಲ್ಲಿ ಸವೆದಿದೆ.

ಬೆಟ್ಟ ಅಡ್ಡ ಬಂದಾಗ ರೈಲಿನ ಎಂಜಿನಿಯರ್ ಮುಂದೆ ಇರುವುದು ಮೂರು ದಾರಿ: ಸುತ್ತಿ ಹೋಗು, ಸೀಳಿ ಹೋಗು, ಕೊರೆದು ಹೋಗು. ಬಸ್ಸಿಗಾದರೆ ಏರಿ ಇಳಿಯುವ ನಾಲ್ಕನೆಯ ದಾರಿಯೂ ಉಂಟು. ಸಾವಿರಾರು ಟನ್ನಿನ ಗೂಡ್ಸ್ ಗಾಡಿ ನೂರು ಮೀಟರಿಗೆ ಒಂದು ಮೀಟರ್ ಏರಲೂ ಏದುಸಿರು ಬಿಡುತ್ತದೆ. ಸೀಳಿದ ಕಾಲುವೆಯ ಆಳ 20 ಮೀಟರ್ ದಾಟಿತೆಂದರೆ ಕೊರೆಯುವುದೇ ಅಗ್ಗವಾಗಬಹುದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆಳ ಹೆಚ್ಚಿದಷ್ಟೂ ಸೀಳಿನ ಮೇಲ್ಬಾಯಿ ಅಗಲವಾಗಬೇಕು, ತೆಗೆದ ಮಣ್ಣು ಕಲ್ಲನ್ನು ಎಲ್ಲಾದರೂ ಸುರಿಯಬೇಕು, ಎರಡು ಮಗ್ಗುಲೂ ಕುಸಿಯದಂತೆ ಕಾಯುತ್ತಲೇ ಇರಬೇಕು.

ಮೇಲುನೋಟಕ್ಕೆ ಈ ಸೀಮೆಯಲ್ಲಿ ಸುತ್ತಿ ಹೋಗುವುದೇ ಬುದ್ಧಿವಂತಿಕೆ. ಬೆಟ್ಟಗಳು ಸಹ್ಯಾದ್ರಿಯಂತೆ ಕೈಕೈ ಹಿಡಿದು ನಿಂತಿಲ್ಲ. ಒಂದೊಂದೂ ಒಂಟಿ. ನಡುವೆ ಬಯಲು, ಕೆರೆ, ಅಡಿಕೆ ತೋಟ, ಶೇಂಗಾ ಹೊಲ. ಆದರೆ ಸುತ್ತಿ ಹೋಗುವುದು ಪುಕ್ಕಟೆಯಲ್ಲ. ಒಂದು ಬೆಟ್ಟ ಬಳಸಲು 3 ಕಿ.ಮೀ. ಹೆಚ್ಚಾಯಿತು ಎನ್ನೋಣ, ದಿನಕ್ಕೆ 20 ಗಾಡಿ ಎನ್ನೋಣ. ದಿನಕ್ಕೆ 60 ಕಿ.ಮೀ. ವ್ಯರ್ಥ ಓಟ, ವರ್ಷಕ್ಕೆ ಸುಮಾರು 22 ಸಾವಿರ, ನೂರು ವರ್ಷಕ್ಕೆ 22 ಲಕ್ಷ. ಅಷ್ಟು ವಿದ್ಯುತ್ತು, ಅಷ್ಟು ಗಾಲಿಯ ಸವೆತ, ಪ್ರತಿ ಪ್ರಯಾಣಿಕನ ಅಷ್ಟಷ್ಟು ನಿಮಿಷ. ಜಮೀನಿನ ಲೆಕ್ಕ ಬೇರೆ. 40 ಮೀಟರ್ ಅಗಲದ ಪಟ್ಟಿ 3 ಕಿ.ಮೀ. ಉದ್ದಕ್ಕೆ ಬೇಕೆಂದರೆ 30 ಎಕರೆ ಹೋಯಿತು. ಪಾವಗಡದ ರೈತರಿಗೆ ಎಕರೆಯ ವರ್ಷದ ಬೆಲೆ ಬಾಯಿಪಾಠ. ತಿರುಮಣಿ, ವಳ್ಳೂರು ಸುತ್ತಿನ 13 ಸಾವಿರ ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕಿಗೆ ಭೂಮಿಯನ್ನು ಮಾರದೆ ಗುತ್ತಿಗೆ ಕೊಟ್ಟವರು ಅವರು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಆ ದರ ಹಿಡಿದರೆ 30 ಎಕರೆಗೆ ಮೊದಲ ವರ್ಷವೇ 6.3 ಲಕ್ಷ. ರೈಲ್ವೆ ಒಮ್ಮೆ ಪರಿಹಾರ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹೊಲ ಕಳೆದುಕೊಂಡ ಮನೆಯವರಿಗೆ ಲೆಕ್ಕ ಪ್ರತಿ ವರ್ಷವೂ ಇರುತ್ತದೆ.

ಹಾಗಾಗಿ ಸುರಂಗ ಎಂದರೆ ದುಂದು, ಸುತ್ತು ದಾರಿ ಎಂದರೆ ಉಳಿತಾಯ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಎರಡಕ್ಕೂ ಬಡ್ಡಿ ಇದೆ. ಯಾವುದರ ಬಡ್ಡಿಯನ್ನು ಯಾರು, ಎಷ್ಟು ಕಾಲ ಕಟ್ಟುತ್ತಾರೆ ಎಂಬುದಷ್ಟೇ ಪ್ರಶ್ನೆ.

ಬಂಡೆಯ ಕಡೆಯಿಂದ ನೋಡಿದರೆ ಇದು ಸುರಂಗಕ್ಕೆ ಒಳ್ಳೆಯ ನೆಲ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ಈಗಿನ ರಾಮನಗರ. ಟಿಪ್ಪುವಿನ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನ ಊರು. ದಕ್ಷಿಣದಲ್ಲಿ ಕನಕಪುರ, ರಾಮನಗರದ ಕಡೆಯಿಂದ ಮಧುಗಿರಿ, ಪಾವಗಡ ಹಾದು ಬಳ್ಳಾರಿಯ ಕಡೆಗೆ ಹೋಗುವ ನೂರಾರು ಕಿ.ಮೀ. ಉದ್ದದ ಕಲ್ಲಿನ ಪಟ್ಟಿ ಇದು. ಶೋಲೆಯ ಗಬ್ಬರ್ ಸಿಂಗ್ ಕೂತ ಬಂಡೆಯೂ ಮಧುಗಿರಿಯ ಬಂಡೆಯೂ ಒಂದೇ ಮನೆತನ. ವಯಸ್ಸು ಸುಮಾರು 250 ಕೋಟಿ ವರ್ಷ. ಹಿಮಾಲಯ ಇದರ ಮುಂದೆ ನಿನ್ನೆ ಮೊನ್ನೆಯದು. ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ 2023ರ ನವೆಂಬರ್ 12ರಂದು ಕುಸಿದು 41 ಕಾರ್ಮಿಕರು 17 ದಿನ ಒಳಗೇ ಉಳಿದದ್ದು ಇನ್ನೂ ನೆನಪಿದೆ. ಅಲ್ಲಿಯ ಪುಡಿಪುಡಿ ಶಿಲೆಗೂ ಇಲ್ಲಿಯ ಗಟ್ಟಿ ಒಡಲಿಗೂ ಹೋಲಿಕೆಯೇ ಇಲ್ಲ.

ಆದರೆ ಗಟ್ಟಿತನವೂ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಇದು ಕಲ್ಲು ಕೆಲಸದವರಿಗೆ ಎಂಜಿನಿಯರ್‌ಗಳಿಗಿಂತ ಮೊದಲೇ ಗೊತ್ತು. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಪದರವನ್ನು ಸುತ್ತಿಗೆಯ ಸದ್ದಿನಿಂದಲೇ ಗುರುತಿಸಿ, ಹಾಸಿಗೆಯಷ್ಟಗಲದ ಚಪ್ಪಡಿಯನ್ನು ಎಬ್ಬಿಸುವ ಜನ ಅವರು. ಮನೆಯ ಮಾಡಿಗೂ ಹಿತ್ತಿಲ ಬೇಲಿಗೂ ಆ ಚಪ್ಪಡಿಯೇ. ಬಂಡೆ ಹೊರಮೈಯಲ್ಲಿ ಪದರ ಪದರವಾಗಿ ಸಡಿಲುತ್ತದೆ ಎಂಬ ಗುಣವೇ ಅವರ ಅನ್ನ. ಅದೇ ಗುಣ ಸುರಂಗದ ಬಾಯಿಯಲ್ಲಿ ಶತ್ರು. ಬೆಟ್ಟದ ಹೊಟ್ಟೆಯೊಳಗೆ ನಿಶ್ಚಿಂತೆ, ಒಳಹೋಗುವ ಮತ್ತು ಹೊರಬರುವ ಬಾಯಿಗಳಲ್ಲಿ ಆತಂಕ. ಅಲ್ಲಿ ಪದರ ಜಾರುತ್ತದೆ, ಗುಂಡು ಉರುಳುತ್ತದೆ, ಕಲ್ಲುಮಣ್ಣು ಮಳೆಗೆ ನೆನೆದು ಇಳಿಯುತ್ತದೆ. ಇನ್ನೊಂದು ಕಿರಿಕಿರಿ ಗ್ರಾನೈಟನ್ನು ಅಡ್ಡಡ್ಡ ಸೀಳಿ ಹೋಗಿರುವ ಕರಿಕಲ್ಲಿನ ಪಟ್ಟಿಗಳದು. ಎರಡು ಕಲ್ಲು ಸೇರುವ ಅಂಚಿನಲ್ಲಿ ಬಿರುಕು, ಬಿರುಕಿನಲ್ಲಿ ನೀರು.

ಇದನ್ನೆಲ್ಲ ಮೊದಲೇ ತಿಳಿಯಲು ಕೊಳವೆ ಕೊರೆದು ಕಲ್ಲಿನ ತಿರುಳನ್ನು ಮೇಲೆ ತೆಗೆಯುತ್ತಾರೆ. ಉದ್ದನೆಯ ಪೆಟ್ಟಿಗೆಯಲ್ಲಿ ತುಂಡುಗಳನ್ನು ಸಾಲಾಗಿ ಇಟ್ಟು, 10 ಸೆಂ.ಮೀ.ಗಿಂತ ಉದ್ದದವುಗಳ ಒಟ್ಟು ಉದ್ದ ಮೀಟರಿಗೆ ಎಷ್ಟು ಎಂದು ಅಳೆಯುತ್ತಾರೆ. ಪೆಟ್ಟಿಗೆಯಲ್ಲಿ ಬರೀ ಜಲ್ಲಿ ತುಂಬಿದ್ದರೆ ಗುತ್ತಿಗೆದಾರನ ಮುಖ ಸಣ್ಣಗಾಗುತ್ತದೆ. ನಾರ್ವೆಯಲ್ಲಿ ನಿಕ್ ಬಾರ್ಟನ್ ಮತ್ತು ಜೊತೆಗಾರರು 1974ರಲ್ಲಿ ಮಾಡಿಕೊಟ್ಟ ಕ್ಯೂ ಎಂಬ ಅಳತೆ ಇಂಥ ಆರು ಲಕ್ಷಣಗಳನ್ನು ಗುಣಿಸಿ ಭಾಗಿಸಿ ಬಂಡೆಗೆ ಒಂದು ಅಂಕ ಕೊಡುತ್ತದೆ: ಬಿರುಕು ಎಷ್ಟು, ಎಷ್ಟು ದಿಕ್ಕಿನಲ್ಲಿ, ಒರಟೋ ನುಣುಪೋ, ಒಳಗೆ ಮಣ್ಣು ತುಂಬಿದೆಯೋ, ನೀರು ಒಸರುತ್ತದೆಯೋ, ಒತ್ತಡ ಹೇಗಿದೆ. ಅಂಕ ಹೆಚ್ಚಿದ್ದರೆ ಸುರಂಗಕ್ಕೆ ಕಾಂಕ್ರೀಟಿನ ಒಳಕವಚವೂ ಬೇಡ. ಅಲ್ಲಲ್ಲಿ ಬಂಡೆಗೆ ಉಕ್ಕಿನ ಬೋಲ್ಟು, ಮೇಲೊಂದು ತೆಳು ಸಿಮೆಂಟ್ ಸಿಂಪರಣೆ ಸಾಕು. ಇಂಥ ವಿದ್ಯೆಗೆ ನಮ್ಮಲ್ಲೂ ತವರುಮನೆ ಉಂಟು. ಮೂರು ಕಿ.ಮೀ.ಗೂ ಆಳಕ್ಕಿಳಿದಿದ್ದ ಕೋಲಾರದ ಗಣಿಗಳಲ್ಲಿ ಬಂಡೆ ಸಿಡಿಯುವುದನ್ನು ಕೇಳಿ ಕೇಳಿ ಕಲಿತ ಅನುಭವದ ಬೆನ್ನಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಗಣಿ 2001ರಲ್ಲಿ ಮುಚ್ಚಿತು, ಪಂಪುಗಳು ನಿಂತವು, ನೀರು ತುಂಬಿಕೊಂಡಿತು. ಅಗೆದ ಪೊಳ್ಳು ಸುಮ್ಮನಿರುವುದಿಲ್ಲ.

ನೀರಿನ ಮಾತು ಬಂದ ಮೇಲೆ ಅದನ್ನು ಬೇಗ ಬಿಡುವಂತಿಲ್ಲ. ಈ ಸೀಮೆಯಲ್ಲಿ ನೀರಿನ ಸುದ್ದಿಯಿಲ್ಲದೆ ಮದುವೆ ಮಾತುಕತೆಯೂ ಮುಗಿಯದು. ಗ್ರಾನೈಟಿನ ಒಡಲಲ್ಲಿ ನೀರು ನಿಲ್ಲಲು ಜಾಗವಿಲ್ಲ. ಇರುವುದೆಲ್ಲ ಬಿರುಕಿನ ಸೆಲೆಯಲ್ಲಿ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರೂ, ನೆಲಕ್ಕೆ ತಂತಿ ಚುಚ್ಚಿ ವಿದ್ಯುತ್ ಹರಿಸಿ ನೋಡುವವರೂ ಹುಡುಕುವುದು ಆ ಸೆಲೆಯನ್ನೇ. ಸಾವಿರ ಅಡಿ ಕೊರೆದು ದೂಳು ಕಂಡವರಿದ್ದಾರೆ. ಪಕ್ಕದ ಹೊಲದವನು ಕೊರೆದ ಮರುದಿನ ತನ್ನದು ಬತ್ತಿತೆಂದು ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಸುರಂಗ ಎಂಬುದು ಅಡ್ಡ ಮಲಗಿಸಿದ ಬೋರ್‌ವೆಲ್. ಮೋಟಾರು ಬೇಡ, ಕರೆಂಟು ಬೇಡ, ಸ್ವಿಚ್ಚು ಆರಿಸುವಂತಿಲ್ಲ. ಹಗಲು ರಾತ್ರಿ ಬಸಿಯುತ್ತಲೇ ಇರುತ್ತದೆ.

ಸ್ವೀಡನ್ನಿನ ಹಾಲಂಡ್‌ಸೋಸ್ ಎಂಬ ದಿಬ್ಬದಲ್ಲಿ ಇದೇ ಆಯಿತು. 8.7 ಕಿ.ಮೀ.ಯ ಜೋಡಿ ರೈಲು ಸುರಂಗ, 1992ರಲ್ಲಿ ಕೆಲಸ ಶುರು. ನೀರು ನಿಲ್ಲಲಿಲ್ಲ. ಮೇಲಿನ ಹಳ್ಳಿಗಳ ಬಾವಿ ಇಳಿದವು. ಬಿರುಕು ಮುಚ್ಚಲೆಂದು 1997ರಲ್ಲಿ ಬಳಸಿದ ರಾಸಾಯನಿಕ ಅಂಟು ತೊರೆಗೆ ಸೇರಿ ಹಸುಗಳಿಗೆ ಲಕ್ವ ಹೊಡೆಯಿತು, ಮೀನು ಸತ್ತವು, ಆ ಊರುಗಳ ಹಾಲನ್ನು ಚೆಲ್ಲಬೇಕಾಯಿತು. ಕೆಲಸ ನಿಂತು, ಮತ್ತೆ ಶುರುವಾಗಿ, ಮೊದಲ ರೈಲು ಹೋದದ್ದು 2015ರಲ್ಲಿ. ಖರ್ಚು ಮೊದಲ ಅಂದಾಜಿನ ಎಷ್ಟೋ ಪಟ್ಟು. ಮಳೆಗೆ ಕೊರತೆಯಿಲ್ಲದ ನಾಡಿನ ಕತೆ ಇದು. ವರ್ಷದ ಮಳೆಗೆ ಆಕಾಶ ನೋಡುವ ಪಾವಗಡದಲ್ಲಿ ಸೆಲೆ ತುಂಡಾದರೆ ಯಾರು ಯಾವ ಹಣದಿಂದ ಜೋಡಿಸಬೇಕು?

ದೂರದ ಸ್ವೀಡನ್ ಏಕೆ, ಪಾವಗಡ, ಮಡಕಶಿರಾದವರು ರೈಲು ಹತ್ತಲು ಹೋಗುವ ಹಿಂದೂಪುರ, ಪೆನುಕೊಂಡದ ದಾರಿಯಲ್ಲೇ ಪಾಠ ಇದೆ. ಪೆನುಕೊಂಡದಿಂದ ಪುಟ್ಟಪರ್ತಿ ಮೂಲಕ ಧರ್ಮಾವರಕ್ಕೆ ಹೋಗುವ ಮಾರ್ಗ 2000ನೇ ಇಸವಿಯ ಕೊನೆಯಲ್ಲಿ ತೆರೆಯಿತು. ಅದರಲ್ಲಿ ಮಕಾಜಿಪಲ್ಲಿಗೂ ಪುಟ್ಟಪರ್ತಿಯ ಪ್ರಶಾಂತಿ ನಿಲಯಂ ನಿಲ್ದಾಣಕ್ಕೂ ನಡುವೆ ಒಂದು ಸುರಂಗ. ಕಾಲು ಶತಮಾನ ತುಂಬುವ ಹೊತ್ತಿಗೆ ಅದಕ್ಕೆ ಬಲ ತುಂಬುವ ಕೆಲಸ ಅನಿವಾರ್ಯವಾಯಿತು. 2025ರ ಫೆಬ್ರವರಿಯಿಂದ ತಿಂಗಳುಗಟ್ಟಲೆ ಆ ದಾರಿ ಬಂದ್. ಮೆಮು ಗಾಡಿಗಳು ಪೆನುಕೊಂಡದಲ್ಲೇ ನಿಂತವು, ದೂರದ ಗಾಡಿಗಳು ಪುಟ್ಟಪರ್ತಿಯನ್ನು ಬಿಟ್ಟು ಹೋದವು. ನೂರು ವರ್ಷಕ್ಕೆಂದು ಕಟ್ಟಿದ ಸುರಂಗ ಇಪ್ಪತ್ತೈದನೆಯ ವರ್ಷಕ್ಕೇ ಮೊದಲ ಕಂತು ಕೇಳಿತು.

ಬೇರೆ ಕಡೆಯೂ ಇದೇ ಕತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗ. 50 ಮೀಟರಿಗೆ ಒಂದು ಮೀಟರ್ ಇಳಿಜಾರು. 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆದು, 1996ರಲ್ಲಿ ಅಗಲ ಹಳಿಗೆಂದು ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರಿನಲ್ಲಿ. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಜರಿದು ಸಂಚಾರ ನಿಂತಿತು. ವಿದ್ಯುತ್ ತಂತಿ ಎಳೆಯಲು 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲಿನ ಗಾಡಿಗಳು ಓಡಲಿಲ್ಲ. ಕೊಂಕಣದ ಗೋವೆಯ ಪೆರ್ಣೆಂ ಸುರಂಗದ ಗೋಡೆ 2020ರ ಆಗಸ್ಟಿನಲ್ಲಿ ಕುಸಿಯಿತು, 2024ರ ಜುಲೈನಲ್ಲಿ ಅದರೊಳಗೆ ಕೆಸರು ನೀರು ಉಕ್ಕಿತು. ಜಪಾನಿನ ಸಸಾಗೊ ರಸ್ತೆ ಸುರಂಗದಲ್ಲಿ ಗಾಳಿಯ ಕೊಳವೆಗೆಂದು ತೂಗುಹಾಕಿದ್ದ ಕಾಂಕ್ರೀಟ್ ಹಲಗೆಗಳು 2012ರಲ್ಲಿ ಕಳಚಿ ಒಂಬತ್ತು ಜನರ ಪ್ರಾಣ ಹೋಯಿತು. 1977ರಲ್ಲಿ ತೆರೆದ ಸುರಂಗ, ಬೋಲ್ಟು ಸಡಿಲಾದದ್ದನ್ನು ಹತ್ತಿರ ಹೋಗಿ ತಟ್ಟಿ ನೋಡಿರಲಿಲ್ಲ. ಹಲಗೆಯ ಬೆಲೆ ಕಡತದಲ್ಲಿತ್ತು. ಏಣಿ ಹಾಕಿ ತಟ್ಟಿ ನೋಡುವವನ ಸಂಬಳ ಇರಲಿಲ್ಲವೇನೋ.

ಇಂಥ ಖರ್ಚು ಮೊದಲೇ ಏಕೆ ಕಣ್ಣಿಗೆ ಬೀಳುವುದಿಲ್ಲ? ಯೋಜನಾ ವರದಿಯ ಅಂಕಗಣಿತದಲ್ಲಿ ಒಂದು ಚಮತ್ಕಾರವಿದೆ. ಮುಂದೆ ಬರುವ ಖರ್ಚನ್ನು ಇಂದಿನ ಬೆಲೆಗೆ ಇಳಿಸುವಾಗ ಬಡ್ಡಿ ದರದಿಂದ ವರ್ಷ ವರ್ಷ ಭಾಗಿಸುತ್ತಾರೆ. ಶೇ. 10ರ ದರ ಹಿಡಿದರೆ 40 ವರ್ಷದ ನಂತರದ 1 ಕೋಟಿ ರೂಪಾಯಿ ಇಂದಿನ ಹಾಳೆಯಲ್ಲಿ ಬರೀ 2.2 ಲಕ್ಷ. ಶೇ. 4 ಹಿಡಿದರೆ ಅದೇ ಕೋಟಿ 20.8 ಲಕ್ಷ. ಸುರಂಗ ಅದೇ, ಸೋರುವ ನೀರು ಅದೇ, ಮೇಸ್ತ್ರಿಯೂ ಅವನೇ. ಒಂದು ಅಂಕಿ ಬದಲಿಸಿದರೆ ಭಾರ ಒಂಬತ್ತು ಪಟ್ಟು ಹೆಚ್ಚು. ದರ ಏರಿಸಿದಷ್ಟೂ ಮೊಮ್ಮಕ್ಕಳು ಹಾಳೆಯಿಂದ ಮಾಯ. ಇದು ಮೋಸವೇನಲ್ಲ, ಹಣಕ್ಕೆ ಕಾಲದ ಬೆಲೆ ಉಂಟು ಎಂಬ ಮಾತು ಸಾಲ ಮಾಡಿದವರಿಗೆಲ್ಲ ಗೊತ್ತು. ನನ್ನ ತಕರಾರು ಬೇರೆ. ನೂರು ವರ್ಷ ಬಾಳಬೇಕಾದ ವಸ್ತುವನ್ನು ಮೂವತ್ತು ವರ್ಷದ ಗುತ್ತಿಗೆಯ ಕಣ್ಣಿನಿಂದ ಅಳೆದರೆ ಉಳಿದ ಎಪ್ಪತ್ತು ವರ್ಷದ ಮಾಲೀಕ ಯಾರು? ಪಾವಗಡದಲ್ಲಿ ಗುತ್ತಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಅವಧಿ ಮುಗಿದ ಮೇಲೆ ಭೂಮಿ ಯಾವ ಸ್ಥಿತಿಯಲ್ಲಿ ವಾಪಸ್ಸು ಬರುತ್ತದೆ ಎಂದು ಕೇಳುವ ಅಜ್ಜಂದಿರಿದ್ದಾರೆ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 17 ಸಾವಿರ ಕೋಟಿಗೂ ಮಿಕ್ಕಿದ ಜೋಡಿ ಸುರಂಗ ರಸ್ತೆಯ ಚರ್ಚೆ ನಡೆದಾಗಲೂ ಆ ಪ್ರಶ್ನೆ ಟೋಲ್ ದರದ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ರಸ್ತೆ ಸುರಂಗಕ್ಕಂತೂ ಬಡ್ಡಿ ಇನ್ನೂ ದುಬಾರಿ: ಹೊಗೆ ಎಳೆಯುವ ಫ್ಯಾನು, ಹಗಲಲ್ಲೂ ಉರಿಯುವ ದೀಪ, ಬೆಂಕಿ ಆರಿಸುವ ವ್ಯವಸ್ಥೆ, ನೀರು ಎತ್ತುವ ಪಂಪು, ಒಂದಕ್ಕೂ ರಜೆ ಇಲ್ಲ.

ಶಿರಾಕ್ಕೆ ಬಂದರೆ ಈ ತಲೆಬಿಸಿ ಇಲ್ಲ. ಬಂಡೆಗಳು ಹಿಂದೆ ಸರಿದು ನೆಲ ಮಲಗಿಬಿಡುತ್ತದೆ. ಮೊಘಲರು ಇದನ್ನು ತಮ್ಮ ಸುಬಾದ ರಾಜಧಾನಿ ಮಾಡಿಕೊಂಡದ್ದಕ್ಕೂ, ಇಂದು ಪುಣೆ ಹೆದ್ದಾರಿಯ ಲಾರಿಗಳು ಇಲ್ಲಿ ಗೇರು ಬದಲಿಸದೆ ಓಡುವುದಕ್ಕೂ ಕಾರಣ ಆ ಬಯಲೇ. ತುಮಕೂರು–ದಾವಣಗೆರೆ ನಡುವಿನ 191 ಕಿ.ಮೀ. ಹೊಸ ಹಳಿ ಹಾಯುವುದೂ ಇಲ್ಲೇ. ಶಿರಾದವರು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಸುರಂಗ ಬೇರೆ ಇದೆ, ಅದು ಇರುವುದು ಅಜ್ಜಂಪುರದ ಬಳಿ. ಸುಮಾರು 7 ಕಿ.ಮೀ. ಉದ್ದ, ಅದರೊಳಗೆ ಬರಬೇಕಾದ್ದು ಭದ್ರೆಯ ನೀರು. ಭದ್ರಾ ಮೇಲ್ದಂಡೆಯ ತುಮಕೂರು ಶಾಖೆ ಶಿರಾ, ಪಾವಗಡದ ಕಡೆಗೆ. ನೀರನ್ನು ಪಂಪು ಮಾಡಿ ಏರಿಸಿದಷ್ಟು ಕಾಲವೂ ಕರೆಂಟಿನ ಬಿಲ್ಲು ಬರುತ್ತದೆ, ಬೆಟ್ಟ ಕೊರೆದು ಹರಿಸಿದ ಅಷ್ಟು ದೂರಕ್ಕೆ ಬಿಲ್ಲು ಇಲ್ಲ. ಕೊರಟಗೆರೆಯ ಬೈರಗೊಂಡ್ಲುವಿನಲ್ಲಿ ಕೆರೆ ಕಟ್ಟಿ ನೀರು ನಿಲ್ಲಿಸುವ ಕನಸಿನ ಎತ್ತಿನಹೊಳೆ ಯೋಜನೆಯ ಅಂದಾಜು 8,323 ಕೋಟಿಯಿಂದ 23 ಸಾವಿರ ಕೋಟಿ ದಾಟಿದೆ, ಏರಿಸುವ ಪಂಪಿನ ಬಿಲ್ಲು ಅದರಾಚೆಗಿನದು. ಅಂದರೆ ಒಂದೊಂದು ಕಡೆ ಸುರಂಗವೇ ಬಡ್ಡಿ ಉಳಿಸುತ್ತದೆ. ಕೊರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಕೊರೆಯುವ ದಿನವೇ ಎರಡನೆಯ ಪಟ್ಟಿಯನ್ನೂ ಬರೆದಿಡಿ ಎನ್ನುತ್ತಿದ್ದೇನೆ: ಯಾವ ವರ್ಷ ಒಳಕವಚ ನೋಡಬೇಕು, ಚರಂಡಿ ಯಾರು ಬಳಿಯಬೇಕು, ಮೇಲಿನ ಹಳ್ಳಿಯ ಬೋರ್‌ವೆಲ್‌ಗಳ ಮಟ್ಟವನ್ನು ಕೆಲಸ ಶುರುವಾಗುವ ಮೊದಲೇ ಅಳೆದು ಪಂಚಾಯಿತಿ ಕಚೇರಿಯಲ್ಲಿ ಇಟ್ಟಿದ್ದೀರಾ, ದುರಸ್ತಿಗೆ ಮುಚ್ಚಿದಾಗ ಗಾಡಿ ಯಾವ ಕಡೆ ಹೋಗಬೇಕು.

ಕೊನೆಯ ಪ್ರಶ್ನೆಗೆ ಪುಟ್ಟಪರ್ತಿಯಲ್ಲಿ ಉತ್ತರ ಇತ್ತು. ಪೆನುಕೊಂಡದಿಂದ ಧರ್ಮಾವರಕ್ಕೆ ನೇರ ಹೋಗುವ ಹಳೆಯ ಹಳಿಯನ್ನು ಕಿತ್ತು ಹಾಕಿರಲಿಲ್ಲ. ಆದ್ದರಿಂದಲೇ ಸುರಂಗ ಮುಚ್ಚಿದರೂ ದಿಲ್ಲಿ, ಮುಂಬಯಿಯ ಗಾಡಿಗಳು ನಿಲ್ಲಲಿಲ್ಲ. ಅಲ್ಲಿ ಇಳಿಯಬೇಕಾದ ಭಕ್ತರು ಮಾತ್ರ ಬಸ್ಸು ಹುಡುಕಿದರು. ತುಮಕೂರು–ರಾಯದುರ್ಗ ಮಾರ್ಗ ಪೂರ್ತಿಯಾದರೆ ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಇನ್ನೊಂದು ದಾರಿ ಸಿಗುತ್ತದೆ. ಅತ್ತ ಒಂದು ಸುರಂಗ ಬಾಯಿ ಮುಚ್ಚಿದ ದಿನ ಕೆಲವು ಗಾಡಿಗಳಾದರೂ ಇತ್ತ ಮಡಕಶಿರಾ, ಮಧುಗಿರಿ ಮೇಲೆ ಹಾಯಬಹುದು. ಟಿಕೆಟ್ಟಿನ ಆದಾಯದ ಅಂದಾಜಿನಲ್ಲಿ ಇಂಥ ದಿನಗಳಿಗೆ ಕಾಲಂ ಇರುವುದಿಲ್ಲ. ಸೇರಿಸುವುದಾದರೆ ಒಂದು ಹೆಚ್ಚಿನ ಸಾಲು ಸಾಕು, ಮತ್ತು ಅದನ್ನು ಸೇರಿಸಲು ತುಮಕೂರಿನ ತುದಿಯಲ್ಲಿ ಇನ್ನೂ ಸಮಯವಿದೆ.